ಕಾಗಲದಿಂದ ಕಲ್ಪಾಕ್ಕಂ, ನಡುವೆ ಫ್ರಾನ್ಸ್

ನಿಪ್ಪಾಣಿ ದಾಟಿ ಕೊಲ್ಲಾಪುರದ ಹೆದ್ದಾರಿ ಹಿಡಿದರೆ ಕಾಗಲ ಸಿಗುತ್ತೆ. ಆ ತಾಲ್ಲೂಕಿನ ಕಸಬಾ ಸಾಂಗಾವದಲ್ಲಿ 1942ರಲ್ಲಿ ಹುಟ್ಟಿದವರು ಅಣು ರಿಯಾಕ್ಟರ್ ಎಂಜಿನಿಯರ್ ಶಿವರಾಮ ಭೋಜೆ. ಊರು ಗಡಿಯಾಚೆಯ ಮಹಾರಾಷ್ಟ್ರದ್ದು ನಿಜ. ಆದರೆ ಸಂತೆ-ಜಾತ್ರೆಗೆ ಗಡಿ ಎಲ್ಲಿದೆ?

ಪುಣೆಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ ಅಣುಶಕ್ತಿ ಇಲಾಖೆ ಸೇರಿದರು. 1969ರಲ್ಲಿ ಫ್ರಾನ್ಸಿನ ಕದರಾಶ್‌ಗೆ ಹೋದ ತಂಡದಲ್ಲಿ ಅವರೂ ಇದ್ದರು. ಭಾರತದ ಮೊದಲ ಫಾಸ್ಟ್ ಬ್ರೀಡರ್ ರಿಯಾಕ್ಟರಿನ ವಿನ್ಯಾಸ ನಡೆದದ್ದು ಅಲ್ಲೇ. ಉರಿಸುವುದಕ್ಕಿಂತ ಹೆಚ್ಚು ಇಂಧನ ಹುಟ್ಟಿಸಬಲ್ಲ ಬಗೆಯ ಈ ರಿಯಾಕ್ಟರನ್ನು ತಣಿಸೋದು ನೀರಲ್ಲ, ಕರಗಿದ ಸೋಡಿಯಂ.

1974. ಪೋಖ್ರಾನ್‌ನಲ್ಲಿ ಭಾರತದ ಅಣುಸ್ಫೋಟ. ಅದಾದ ಮೇಲೆ, ಈ ರಿಯಾಕ್ಟರಿಗೆ ಫ್ರಾನ್ಸಿನಿಂದ ಬರಬೇಕಿದ್ದ ಸಮೃದ್ಧ ಯುರೇನಿಯಂ ಬರಲೇ ಇಲ್ಲ. ಇಂಧನವೇ ಇಲ್ಲದ ರಿಯಾಕ್ಟರ್ ಏನು ಮಾಡುತ್ತೆ ಹೇಳಿ!

ಆಗ ನಮ್ಮವರು ಹಿಡಿದದ್ದು ಬೇರೆಯವರು ನಡೆಯದ ಹಾದಿ. ಶೇ 70 ಪ್ಲುಟೋನಿಯಂ ಕಾರ್ಬೈಡ್, ಶೇ 30 ಯುರೇನಿಯಂ ಕಾರ್ಬೈಡ್ ಬೆರೆತ ಇಂಧನ. ಗಾಳಿ ತಾಗಿದರೆ ಹೊತ್ತಿಕೊಳ್ಳುವ ಪುಡಿ. ಜಡ ಅನಿಲ ತುಂಬಿದ ಪೆಟ್ಟಿಗೆಯೊಳಗೆ ಕೈ ಇಳಿಬಿಟ್ಟು, ರಬ್ಬರ್ ಗ್ಲೌಸಿನಲ್ಲೇ ಎಲ್ಲ ಕೆಲಸ.

1985ರ ಅಕ್ಟೋಬರ್‌ನಲ್ಲಿ ತಮಿಳುನಾಡಿನ ಕಲ್ಪಾಕ್ಕಂನಲ್ಲಿ ರಿಯಾಕ್ಟರ್ ಚಾಲೂ ಆಯಿತು. 1987ರಲ್ಲಿ ಇಂಧನ ಬದಲಿಸುವಾಗ ಒಳಗಿನ ಕೊಳವೆ ಬಾಗಿ ಎರಡು ವರ್ಷ ಬಂದ್. ರಿಪೇರಿ ಮಾಡಿದರು, ಮತ್ತೆ ನಡೆಸಿದರು.

2000ರಲ್ಲಿ ಭೋಜೆ ಅಲ್ಲಿನ ಇಂದಿರಾ ಗಾಂಧಿ ಅಣು ಸಂಶೋಧನಾ ಕೇಂದ್ರದ ನಿರ್ದೇಶಕರಾದರು. 2003ರಲ್ಲಿ ಪದ್ಮಶ್ರೀ ಬಂತು. ಅವರಿಗೆ ಅದಕ್ಕಿಂತ ಹೆಚ್ಚು ಖುಷಿ ಕೊಟ್ಟಿರಬಹುದಾದ್ದು ಅದೇ ವರ್ಷದ ಇನ್ನೊಂದು ಸುದ್ದಿ: 500 ಮೆಗಾವ್ಯಾಟ್ ಬ್ರೀಡರ್ ಕಟ್ಟಲು ಸರ್ಕಾರದ ಒಪ್ಪಿಗೆ.