ಹಾಲಿನ ಗಾಡಿಗೂ ರಸ್ತೆ ನಕ್ಷೆಗೂ ಏನು ಸಂಬಂಧ?



ಕರೆದ ಹಾಲು ಎರಡು-ಮೂರು ಗಂಟೆಯೊಳಗೆ ಬಿಎಂಸಿ ಸೇರಿ 4 ಡಿಗ್ರಿಗೆ ತಣ್ಣಗಾಗಬೇಕು. ದಾರಿ ಕೆಟ್ಟು ಕ್ಯಾನ್ ಗಾಡಿ ತಡವಾದರೆ ಹಾಲು ಹುಳಿಯಾಗುತ್ತದೆ, ನಷ್ಟ ಸಂಘದ ಮೇಲೆ ಬೀಳುತ್ತದೆ. ಆ ದಾರಿ ದುರಸ್ತಿಯಾಗಬೇಕಾದರೆ ಮೊದಲು ಅದು ಸರ್ಕಾರದ ಲೆಕ್ಕದಲ್ಲಿ ಇರಬೇಕು.

ಒಂದೇ ದಾರಿ, ಹಲವು ಲೆಕ್ಕ

ಹೆದ್ದಾರಿಯಿಂದ ನಿಮ್ಮ ಕೊಟ್ಟಿಗೆಯವರೆಗಿನ ದಾರಿ ಒಬ್ಬರ ಕೈಯಲ್ಲಿಲ್ಲ. ರಾಷ್ಟ್ರೀಯ ಹೆದ್ದಾರಿಗೆ ಬೇರೆ ಸಂಸ್ಥೆಯಿದೆ. ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ಮುಖ್ಯ ರಸ್ತೆಗಳು ಲೋಕೋಪಯೋಗಿ ಇಲಾಖೆಗೆ ಸೇರಿವೆ. ಹಳ್ಳಿ ರಸ್ತೆಗಳನ್ನು ಪಂಚಾಯತ್ ರಾಜ್ ಇಂಜಿನಿಯರಿಂಗ್ ಇಲಾಖೆ ನೋಡಿಕೊಳ್ಳುತ್ತದೆ. ಬಂಡಿದಾರಿ, ಕಾಲುದಾರಿಗಳು ಭೂಮಾಪನ ಇಲಾಖೆಯ ಗ್ರಾಮ ನಕ್ಷೆಯಲ್ಲಿವೆ. ಒಬ್ಬೊಬ್ಬರದು ಒಂದೊಂದು ಹೆಸರು, ಒಂದೊಂದು ಸಂಖ್ಯೆ. ಹಿರಿಯೂರು–ಚಿತ್ರದುರ್ಗ ಹೆದ್ದಾರಿಯನ್ನೇ ನೋಡಿ: ನಮ್ಮ ಬಾಯಲ್ಲಿ ಇನ್ನೂ ಎನ್‌ಎಚ್-4, ದಾಖಲೆಯಲ್ಲಿ ಎನ್‌ಎಚ್-48.

ಊರಿನ ಹೆಸರೂ ಹಾಗೆಯೇ. ನಮ್ಮ ಜಿಲ್ಲೆಯಲ್ಲಿ ಗೊಲ್ಲರಹಟ್ಟಿ ಎಂಬ ಹೆಸರಿನ ಊರು ಒಂದಲ್ಲ, ಹತ್ತಾರು. ರಾತ್ರಿ ಹಸು ಕರು ಹಾಕಲಾಗದೆ ಒದ್ದಾಡುವಾಗ 1962ಕ್ಕೆ ಕರೆ ಮಾಡಿ ಬರೀ "ಗೊಲ್ಲರಹಟ್ಟಿ" ಎಂದರೆ ಗಾಡಿ ಯಾವ ಹಟ್ಟಿಗೆ ಬರಬೇಕು?

ಏಕರೂಪ ಎಂದರೇನು?

ಪ್ರತಿ ಊರಿಗೂ ಪ್ರತಿ ರಸ್ತೆಗೂ ಎಲ್ಲ ಇಲಾಖೆಗಳೂ ಒಪ್ಪುವ ಒಂದೇ ಸಂಖ್ಯೆ ಇರಬೇಕು. ರಸ್ತೆ ಎಲ್ಲಿಂದ ಎಲ್ಲಿಗೆ, ಉದ್ದ ಎಷ್ಟು, ಯಾರ ಸುಪರ್ದಿ, ಯಾವ ದಿನ ಅಳೆದದ್ದು ಎಂಬುದನ್ನು ಎಲ್ಲರೂ ಒಂದೇ ರೀತಿ ಬರೆಯಬೇಕು. ಆಗ ಒಂದು ಇಲಾಖೆಯ ನಕ್ಷೆಯ ಮೇಲೆ ಇನ್ನೊಂದರ ನಕ್ಷೆ ಇಟ್ಟರೆ ಸರಿಯಾಗಿ ಕೂರುತ್ತದೆ. ಒಂದೇ ರಸ್ತೆ ಎರಡು ಕಡೆ ಲೆಕ್ಕಕ್ಕೆ ಬಂದರೂ, ಎಲ್ಲೂ ಬಾರದೆ ಬಿಟ್ಟುಹೋದರೂ ಕಣ್ಣಿಗೆ ಬೀಳುತ್ತದೆ.

ಈ ದಿಕ್ಕಿನಲ್ಲಿ ಕೆಲಸ ನಡೆದಿದೆ. ಕೇಂದ್ರದ ಪಂಚಾಯತ್ ರಾಜ್ ಸಚಿವಾಲಯ ಪ್ರತಿ ಗ್ರಾಮಕ್ಕೂ ಎಲ್‌ಜಿಡಿ ಸಂಖ್ಯೆ ಕೊಟ್ಟಿದೆ. ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರದ ಕೆ-ಜಿಐಎಸ್ ಹಲವು ಇಲಾಖೆಗಳ ನಕ್ಷೆಗಳನ್ನು ಒಂದೆಡೆ ತರುತ್ತಿದೆ. ಇದೇ ಕೇಂದ್ರ ರೂಪಿಸಿದ ದಿಶಾಂಕ್ ಆ್ಯಪ್‌ನಲ್ಲಿ ನೀವು ನಿಂತ ಜಾಗದ ಸರ್ವೆ ನಂಬರ್ ಕಾಣುತ್ತದೆ. 2000ದಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಗಾಗಿ ಸಂಗ್ರಹಿಸಿದ ರಸ್ತೆ ನಕ್ಷೆಗಳನ್ನು 2022ರಲ್ಲಿ ಸಾರ್ವಜನಿಕರಿಗೂ ತೆರೆದಿಡಲಾಗಿದೆ.

ನಾವೇನು ಮಾಡಬಹುದು?

- ಸಂಘದ ಕಾರ್ಯದರ್ಶಿಗಳು ಹಾಲಿನ ಮಾರ್ಗದ ಪ್ರತಿ ರಸ್ತೆಯನ್ನೂ ಪಟ್ಟಿ ಮಾಡಿ, ಅದು ಯಾವ ಇಲಾಖೆಯದು ಎಂದು ಪಂಚಾಯಿತಿಯಲ್ಲಿ ಕೇಳಿ ಬರೆದಿಟ್ಟುಕೊಳ್ಳಿ.
- ಅರ್ಜಿಯಲ್ಲಿ ಊರಿನ ಹೆಸರಿನ ಜೊತೆ ಎಲ್‌ಜಿಡಿ ಸಂಖ್ಯೆ ಬರೆಯಿರಿ. ಕಂದಾಯ ಗ್ರಾಮವಾಗದ ಹಟ್ಟಿ, ತಾಂಡಾಗಳು ಮೂಲ ಗ್ರಾಮದ ಸಂಖ್ಯೆಯೊಳಗೇ ಅಡಗಿರುತ್ತವೆ. ಅವುಗಳ ಹೆಸರನ್ನು ಬೇರೆಯಾಗಿ ತಿಳಿಸಿ.
- ಮಳೆಗಾಲದಲ್ಲಿ ಹಳ್ಳದ ನೀರು ಹರಿಯುವ ತಗ್ಗುಸೇತುವೆಗಳನ್ನು ಗುರುತಿಸಿ. ನಕ್ಷೆಯಲ್ಲಿ ರಸ್ತೆ ಕಂಡ ಮಾತ್ರಕ್ಕೆ ವರ್ಷವಿಡೀ ಗಾಡಿ ಓಡುತ್ತದೆ ಎಂದಲ್ಲ.
- ಪಟ್ಟಿಯಲ್ಲಿ ಇಲ್ಲದ ರಸ್ತೆಯನ್ನು ಗ್ರಾಮಸಭೆಯಲ್ಲಿ ಪ್ರಸ್ತಾಪಿಸಿ, ನಡಾವಳಿಯಲ್ಲಿ ಬರೆಸಿ.

ಒಂದು ಎಚ್ಚರಿಕೆ: ಮೊಬೈಲ್ ನಕ್ಷೆಯ ಗೆರೆ ದಾರಿಯ ಹಕ್ಕಿಗೆ ಪುರಾವೆಯಲ್ಲ. ಹೊಲದ ದಾರಿಯ ತಕರಾರಿಗೆ ಭೂಮಾಪಕರ ಅಳತೆಯೇ ಆಧಾರ.

ಹೊಳಲ್ಕೆರೆ, ಹೊಸದುರ್ಗದ ಒಳಹಳ್ಳಿಗಳ ದಾರಿಯನ್ನು ದಿನಕ್ಕೆರಡು ಸಲ ತುಳಿಯುವವರು ಹಾಲಿನ ಗಾಡಿಯವರು. ಅವರಿಗೆ ಗೊತ್ತಿರುವುದು ಕಾಗದಕ್ಕೂ ಬರಲಿ.