ಅಪ್ಲಾಸ್ಟಿಕ್ ಅನೀಮಿಯಾ

ಅಪ್ಲಾಸ್ಟಿಕ್ ಅನೀಮಿಯಾ ಎಂಬುದು ಅಸ್ಥಿಮಜ್ಜೆಯು ಸಾಕಷ್ಟು ರಕ್ತಕಣಗಳನ್ನು ಉತ್ಪಾದಿಸಲಾರದ ಅಪರೂಪದ ಕಾಯಿಲೆ. ಜರ್ಮನಿಯ ವೈದ್ಯ ಪಾಲ್ ಎರ್ಲಿಚ್ ಇದನ್ನು 1888ರಲ್ಲಿ ಮೊದಲು ವಿವರಿಸಿದರು. ಇದು ಕ್ಯಾನ್ಸರ್ ಅಲ್ಲ, ಅಂಟುರೋಗವೂ ಅಲ್ಲ.

ಲಕ್ಷಣಗಳು

ಕೆಂಪುಕಣಗಳು ಕಡಿಮೆಯಾದಾಗ ಆಯಾಸ, ಬಿಳಿಕಣಗಳು ಕಡಿಮೆಯಾದಾಗ ಸೋಂಕು, ಪ್ಲೇಟ್‌ಲೆಟ್‌ಗಳು ಕಡಿಮೆಯಾದಾಗ ರಕ್ತಸ್ರಾವ ಉಂಟಾಗುತ್ತದೆ. ಕಬ್ಬಿಣಾಂಶದ ಮಾತ್ರೆಗಳಿಂದ ಇದು ಗುಣವಾಗುವುದಿಲ್ಲ.

ಚಿಕಿತ್ಸೆ

ಅಸ್ಥಿಮಜ್ಜೆಯ ಕಸಿ ಪ್ರಮುಖ ಚಿಕಿತ್ಸೆ. ಒಬ್ಬ ಒಡಹುಟ್ಟಿದವರ ಮಜ್ಜೆ ಪೂರ್ಣವಾಗಿ ಹೊಂದುವ ಸಾಧ್ಯತೆ ಶೇ. 25. ಕಸಿ ಸಾಧ್ಯವಿಲ್ಲದವರಿಗೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಎಟಿಜಿ ಮತ್ತು ಸೈಕ್ಲೋಸ್ಪೋರಿನ್ ಔಷಧಿಗಳನ್ನು ನೀಡಲಾಗುತ್ತದೆ. ಇವುಗಳ ಫಲ ಕಾಣಲು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಬೇಕು.

ಚೇತರಿಕೆಯ ಅವಧಿ

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯಂತಹ ಊರುಗಳಿಂದ ಬೆಂಗಳೂರಿನ ಕಸಿ ಕೇಂದ್ರಗಳು ದೂರ. ಚಿತ್ರದುರ್ಗದಿಂದಲೇ ಸುಮಾರು 200 ಕಿ.ಮೀ. ಆದ್ದರಿಂದ 38 ಡಿಗ್ರಿ ಸೆಲ್ಸಿಯಸ್ ಮೀರಿದ ಜ್ವರ ಬಂದರೆ ಬೆಂಗಳೂರಿಗೆ ಹೊರಡಲು ಕಾಯದೆ, ಹತ್ತಿರದ ಆಸ್ಪತ್ರೆಯಲ್ಲಿ ತಕ್ಷಣವೇ ಚಿಕಿತ್ಸೆ ಪಡೆಯಬೇಕು.