ಖಾತರಿಯ ಆದಾಯ: ಬಡತನಕ್ಕೆ ಮದ್ದಾದೀತೆ?



ಪ್ರತಿ ವರ್ಷ ಮೇ 1ರಂದು ನಾವು ಕಾರ್ಮಿಕರ ಪಾಲಕರಾದ ಸಂತ ಜೋಸೆಫರ ಹಬ್ಬವನ್ನು ಆಚರಿಸುತ್ತೇವೆ. 1955ರಲ್ಲಿ ವಿಶ್ವಗುರು ಹನ್ನೆರಡನೆಯ ಪಯಸ್ ಅವರು ಸ್ಥಾಪಿಸಿದ ಹಬ್ಬವಿದು. ದುಡಿಮೆಯ ಹಿರಿಮೆಯನ್ನು ಅಂದು ನಾವು ಕೇಳುತ್ತೇವೆ. ಆದರೆ ದಿನವೆಲ್ಲಾ ದುಡಿದರೂ ಮನೆ ನಡೆಸಲಾಗದವರಿದ್ದಾರೆ. ಮುಪ್ಪಿನಿಂದಲೋ ಕಾಯಿಲೆಯಿಂದಲೋ ದುಡಿಯಲು ಕೈಲಾಗದವರಿದ್ದಾರೆ. ಅವರಿಗೆ ನಾವು ಏನು ಹೇಳೋಣ?

ಭಾನುವಾರದ ಪೂಜೆ ಮುಗಿಸಿ ಶೆಟ್ಟಿಹಳ್ಳಿಯ ಮನೆಗಳತ್ತ ಹೆಜ್ಜೆ ಹಾಕುವಾಗ ನಮ್ಮ ತಾಯಂದಿರ ನಡುವೆ ಒಂದು ಮಾತು ಬಂದೇ ಬರುತ್ತದೆ: "ಈ ತಿಂಗಳದ್ದು ಬಂತಾ ಅಕ್ಕಾ?" ಏನು ಬರಬೇಕಿತ್ತು ಎಂದು ಯಾರೂ ಮರಳಿ ಕೇಳುವುದಿಲ್ಲ. ಅದು ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿ ಎಂದು ಎಲ್ಲರಿಗೂ ಗೊತ್ತು. ಈ ಪುಟ್ಟ ಪ್ರಶ್ನೆಯ ಹಿಂದೆ ಇಂದು ಲೋಕವೆಲ್ಲಾ ಚರ್ಚಿಸುತ್ತಿರುವ ದೊಡ್ಡ ವಿಚಾರವೊಂದಿದೆ. ಅದೇ ಖಾತರಿಯ ಮೂಲ ಆದಾಯ.

ಹಾಗೆಂದರೇನು? ಬದುಕಲು ಬೇಕಾದ ಕನಿಷ್ಠ ಹಣವನ್ನು ಸರ್ಕಾರವು ಪ್ರತಿಯೊಬ್ಬ ಪ್ರಜೆಗೂ ತಪ್ಪದೆ ಕೊಡುವುದು. ಇದಕ್ಕೆ ನಾಲ್ಕು ಲಕ್ಷಣಗಳಿವೆ. ಹಣವು ಎಲ್ಲರಿಗೂ ಸಿಗಬೇಕು. ಮನೆಗೊಂದರಂತೆ ಅಲ್ಲ, ಒಬ್ಬೊಬ್ಬರ ಹೆಸರಿನಲ್ಲೇ ಸಿಗಬೇಕು. ಇಂತಹ ಕೆಲಸ ಮಾಡಿದರೆ ಮಾತ್ರ ಎಂಬ ಷರತ್ತು ಇರಬಾರದು. ಗೊತ್ತಾದ ದಿನಕ್ಕೆ, ನಗದಾಗಿ ಬರಬೇಕು.

ಕರ್ನಾಟಕದ ಗೃಹಲಕ್ಷ್ಮಿ ಯೋಜನೆ 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಆರಂಭವಾಯಿತು. ಒಂದು ಕೋಟಿಗೂ ಹೆಚ್ಚು ಮಹಿಳೆಯರನ್ನು ತಲುಪಿದ ಈ ಯೋಜನೆಯನ್ನು ಮೇಲಿನ ಅಳತೆಗೋಲಿನಿಂದ ನೋಡಿದರೆ ಅದು ಮೂಲ ಆದಾಯದ ಹತ್ತಿರದ ನೆಂಟ, ಆದರೆ ಮೂಲ ಆದಾಯವೇ ಅಲ್ಲ. ಪಡಿತರ ಚೀಟಿಯಲ್ಲಿ ಮನೆಯ ಯಜಮಾನಿ ಎಂದು ಬರೆದಿರುವ ಒಬ್ಬರಿಗೆ ಮಾತ್ರ ಹಣ ಸಿಗುತ್ತದೆ. ಆಕೆಯೋ ಆಕೆಯ ಪತಿಯೋ ಆದಾಯ ತೆರಿಗೆ ಕಟ್ಟುವವರಾಗಿದ್ದರೆ ಸಿಗದು. ಇದರಲ್ಲಿ ಒಂದು ತೊಡಕೂ ಇದೆ. ಹಳ್ಳಿಯಿಂದ ಬಂದು ನಮ್ಮ ನೆರೆಯಲ್ಲಿ ಬಾಡಿಗೆಗಿರುವ ಸೊಸೆ ಪೀಣ್ಯದ ಗಾರ್ಮೆಂಟ್ಸಿನಲ್ಲಿ ಹೊಲಿಗೆ ಹಾಕುತ್ತಾಳೆ ಎಂದುಕೊಳ್ಳೋಣ. ಊರಿನ ಕಾರ್ಡಿನಲ್ಲಿ ಯಜಮಾನಿ ಅತ್ತೆ. ಹಣ ಅತ್ತೆಗೆ ಬರುತ್ತದೆ, ಅದು ಸರಿಯೇ. ಆದರೆ ನಗರದ ಬಾಡಿಗೆಯ ಹೊರೆ ಹೊತ್ತ ಸೊಸೆಯ ಕೈ ಬರಿದು. ಒಬ್ಬೊಬ್ಬರಿಗೂ ಎಂಬ ಮಾತಿನ ಬೆಲೆ ಇಲ್ಲಿ ತಿಳಿಯುತ್ತದೆ.

ಎರಡು ಸಾವಿರದಿಂದ ಏನಾದೀತು ಎಂದು ಕೇಳುವವರುಂಟು. ಲೆಕ್ಕ ಹಾಕಿ ನೋಡೋಣ. ತಿಂಗಳಿಗೆ 12 ಸಾವಿರ ದುಡಿಯುವ ಮನೆಗೆ ಅದು ಆದಾಯದ ಆರನೆಯ ಒಂದು ಭಾಗ. ಒಂದು ಲಕ್ಷ ದುಡಿಯುವ ಮನೆಗೆ ಐವತ್ತನೆಯ ಒಂದು ಭಾಗ. ಎಲ್ಲರಿಗೂ ಒಂದೇ ಮೊತ್ತ ಕೊಟ್ಟರೂ ಬಡವರಿಗೆ ಹೆಚ್ಚು ಬಲ ಬರುವುದು ಹೀಗೆ. ಉಳ್ಳವರು ಹೆಚ್ಚು ತೆರಿಗೆ ಕಟ್ಟಿ ಅದರ ವೆಚ್ಚ ತುಂಬಿದರೆ ಅಂತರ ಇನ್ನಷ್ಟು ಕಿರಿದಾಗುತ್ತದೆ.

ಆದರೆ ಮೊತ್ತಕ್ಕಿಂತಲೂ ಮುಖ್ಯವಾದುದು ಖಾತರಿ. ಬಡವರ ಮನೆಯನ್ನು ಕೆಡಿಸುವುದು ಕಡಿಮೆ ಆದಾಯವಷ್ಟೇ ಅಲ್ಲ, ಅದು ಯಾವಾಗ ನಿಲ್ಲುವುದೋ ಎಂಬ ಭಯ. ಮಗುವಿಗೆ ಜ್ವರ ಬಂದ ವಾರ ಕೂಲಿ ತಪ್ಪುತ್ತದೆ. ನೂರಕ್ಕೆ ಐದು ರೂಪಾಯಿ ತಿಂಗಳ ಬಡ್ಡಿಗೆ ಐದು ಸಾವಿರ ಸಾಲ ತರುತ್ತೇವೆ. ವರ್ಷಕ್ಕೆ ಮೂರು ಸಾವಿರ ಬಡ್ಡಿಯೇ ಆಗುತ್ತದೆ, ಅಸಲು ಹಾಗೇ ಉಳಿಯುತ್ತದೆ. ಕಿರುಸಾಲದ ವಸೂಲಿಗಾರರ ಕಿರುಕುಳ ತಾಳಲಾರದೆ ಜನ ಪ್ರಾಣ ಕಳೆದುಕೊಂಡಾಗ, 2025ರ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಇಂತಹ ದಿನ ಬಂದಾಗ, ಗೊತ್ತಾದ ತಾರೀಖಿಗೆ ಹಣ ಬರುತ್ತದೆಂಬ ಧೈರ್ಯವಿದ್ದರೆ ಸಾಲಗಾರನ ಬಾಗಿಲಿಗೆ ಹೋಗುವುದು ತಪ್ಪಬಹುದು. ಅದಕ್ಕೇ ಕಂತು ತಡವಾದರೆ ನೋವು. ಮೂರು ತಿಂಗಳದ್ದು ಒಟ್ಟಿಗೆ ಬಂದರೆ ಮೊತ್ತ ಅಷ್ಟೇ ಇರಬಹುದು, ಆದರೆ ಅಷ್ಟರಲ್ಲಿ ಬಡ್ಡಿ ಹತ್ತಿರುತ್ತದೆ.

ಸುಮ್ಮನೆ ಹಣ ಕೊಟ್ಟರೆ ಜನ ಸೋಮಾರಿಗಳಾಗುವುದಿಲ್ಲವೇ? ಕುಡಿತಕ್ಕೆ ಸುರಿಯುವುದಿಲ್ಲವೇ? ಇದು ನಮ್ಮಲ್ಲಿ ಹಲವರ ಮನಸ್ಸಿನಲ್ಲಿರುವ ಶಂಕೆ. 2011ರಲ್ಲಿ 'ಸೇವಾ' ಎಂಬ ಮಹಿಳಾ ಸಂಘಟನೆಯು ಯುನಿಸೆಫ್ ನೆರವಿನಿಂದ ಮಧ್ಯಪ್ರದೇಶದ 8 ಹಳ್ಳಿಗಳಲ್ಲಿ ಇದನ್ನು ಪರೀಕ್ಷಿಸಿತು. ದೊಡ್ಡವರಿಗೆ ತಿಂಗಳಿಗೆ 200 ರೂಪಾಯಿ, ಮಕ್ಕಳಿಗೆ 100 ರೂಪಾಯಿ. ಮುಂದೆ ಅದು 300 ಮತ್ತು 150 ಆಯಿತು. ಹಣ ಸಿಗದ 12 ಹಳ್ಳಿಗಳೊಡನೆ ಹೋಲಿಸಿ ನೋಡಿದಾಗ ಹಣ ಪಡೆದವರ ಊಟ ಸುಧಾರಿಸಿತ್ತು, ಮಕ್ಕಳು ಹೆಚ್ಚಾಗಿ ಶಾಲೆಗೆ ಹೋಗುತ್ತಿದ್ದರು. ಅನೇಕರು ಸ್ವಂತ ಬೇಸಾಯ, ಕುರಿ ಕೋಳಿಗಳತ್ತ ತಿರುಗಿದ್ದರು. ಕುಡಿತ ಹೆಚ್ಚಿರಲಿಲ್ಲ. ಫಿನ್ಲೆಂಡಿನಲ್ಲಿ 2017 ಮತ್ತು 2018ರಲ್ಲಿ 2,000 ನಿರುದ್ಯೋಗಿಗಳಿಗೆ ತಿಂಗಳಿಗೆ 560 ಯೂರೋ ಕೊಟ್ಟು ನೋಡಿದರು. ಅಲ್ಲಿಯೂ ಜನ ಕೆಲಸಕ್ಕೆ ಬೆನ್ನು ತಿರುಗಿಸಲಿಲ್ಲ, ಮನಸ್ಸಿನ ಚಿಂತೆ ಕಡಿಮೆಯಾಯಿತು.

ಹಾಗೆಂದು ಇದು ಸರ್ವರೋಗಕ್ಕೂ ಮದ್ದಲ್ಲ. 2025-26ರ ಮುಂಗಡ ಪತ್ರದಲ್ಲಿ ಐದು ಗ್ಯಾರಂಟಿಗಳಿಗೆ ಸುಮಾರು 51 ಸಾವಿರ ಕೋಟಿ ರೂಪಾಯಿ ಇಡಲಾಯಿತು. ಅದರಲ್ಲಿ ಗೃಹಲಕ್ಷ್ಮಿಯೊಂದಕ್ಕೇ 28 ಸಾವಿರ ಕೋಟಿಗೂ ಹೆಚ್ಚು. ಇಡೀ ದೇಶಕ್ಕೆಂದರೆ ಹೊರೆ ಇನ್ನೂ ದೊಡ್ಡದು. 2016-17ರ ಕೇಂದ್ರ ಆರ್ಥಿಕ ಸಮೀಕ್ಷೆಯು ಒಬ್ಬರಿಗೆ ವರ್ಷಕ್ಕೆ 7,620 ರೂಪಾಯಿಯಂತೆ ನೂರರಲ್ಲಿ 75 ಮಂದಿಗೆ ಕೊಡುವ ಲೆಕ್ಕ ಹಾಕಿತ್ತು. ಆ ವಿಚಾರ ಕಾಗದದಲ್ಲೇ ಉಳಿಯಿತು. ಈ ಹಣಕ್ಕಾಗಿ ಸರ್ಕಾರಿ ಶಾಲೆ, ಆಸ್ಪತ್ರೆ, ಪಡಿತರಕ್ಕೆ ಕತ್ತರಿ ಬಿದ್ದರೆ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡಂತೆ. ನ್ಯಾಯವಾದ ಕೂಲಿಯ ಜಾಗವನ್ನೂ ಇದು ತುಂಬಲಾರದು.

ಧರ್ಮಸಭೆಗೂ ಈ ಚರ್ಚೆ ಹೊಸದಲ್ಲ. ಕೊರೋನಾ ಕಾಲದಲ್ಲಿ, 2020ರ ಏಪ್ರಿಲ್ 12ರ ಪಾಸ್ಖ ಹಬ್ಬದಂದು, ದಿವಂಗತ ವಿಶ್ವಗುರು ಫ್ರಾನ್ಸಿಸರು ಜನಪರ ಚಳವಳಿಗಳಿಗೆ ಪತ್ರ ಬರೆದು, ಬೀದಿ ವ್ಯಾಪಾರಿಗಳು, ಕೂಲಿಗಳಂತಹ ಯಾವ ರಕ್ಷಣೆಯೂ ಇಲ್ಲದ ದುಡಿಮೆಗಾರರಿಗೆ ಸಾರ್ವತ್ರಿಕ ಮೂಲ ವೇತನವನ್ನು ಯೋಚಿಸುವ ಕಾಲ ಬಂದಿದೆ ಎಂಬ ಆಶಯವನ್ನು ಮುಂದಿಟ್ಟರು. ಸಂತ ಮತ್ತಾಯರ ಶುಭಸಂದೇಶದ ದ್ರಾಕ್ಷಿತೋಟದ ಸಾಮತಿಯೂ ನಮಗೆ ಗೊತ್ತು. ಸಂಜೆ ಐದಕ್ಕೆ ಬಂದವನಿಗೂ ತೋಟದ ಯಜಮಾನ ಪೂರ್ತಿ ದಿನದ ಕೂಲಿ ಕೊಟ್ಟ. ಅವನು ದಿನವಿಡೀ ಸಂತೆಯಲ್ಲಿ ನಿಂತಿದ್ದು ಸೋಮಾರಿತನದಿಂದಲ್ಲ, ಯಾರೂ ಕೆಲಸಕ್ಕೆ ಕರೆಯದ ಕಾರಣದಿಂದ. ಅವನ ಮನೆಯಲ್ಲೂ ಆ ರಾತ್ರಿ ಒಲೆ ಉರಿಯಬೇಕಿತ್ತು.

ಪ್ರಿಯರೇ, ರಾಜ್ಯದ ಮುಂಗಡ ಪತ್ರ ನಮ್ಮ ಕೈಯಲ್ಲಿಲ್ಲ. ಆದರೆ ಇದರ ಪಾಠ ನಮ್ಮ ಕೈಯಲ್ಲಿದೆ. ಕ್ರಿಸ್ಮಸ್ಸಿಗೊಮ್ಮೆ ದೊಡ್ಡ ಮೂಟೆ ಅಕ್ಕಿ ಕೊಟ್ಟು ಫೋಟೋ ತೆಗೆಸುವುದಕ್ಕಿಂತ, ನಾಲ್ಕು ಕುಟುಂಬಗಳು ಸೇರಿ ಒಬ್ಬ ವಿಧವೆ ತಾಯಿಗೆ ಪ್ರತಿ ತಿಂಗಳು ಒಂದೇ ತಾರೀಖಿಗೆ, ಲೆಕ್ಕ ಕೇಳದೆ, ಸ್ವಲ್ಪ ಹಣ ತಲುಪಿಸಬಹುದಲ್ಲವೇ? ಕಾರ್ಡಿನಲ್ಲಿ ಹೆಸರಿಲ್ಲದವರಿಗೆ, ಆಧಾರ್ ಬ್ಯಾಂಕಿಗೆ ಜೋಡಣೆಯಾಗದವರಿಗೆ, ಓದು ಬಲ್ಲ ನಮ್ಮ ಮಕ್ಕಳು ಒಂದು ಶನಿವಾರ ಅರ್ಜಿ ಬರೆದುಕೊಡಬಹುದಲ್ಲವೇ? ಪಡೆಯುವವರನ್ನು 'ಬಿಟ್ಟಿ ತಿನ್ನುವವರು' ಎಂದು ಕರೆಯುವ ನಾಲಿಗೆಯನ್ನಾದರೂ ನಾವು ತಡೆಯಬಹುದು.

ಮುಂದಿನ ಭಾನುವಾರ "ಬಂತಾ ಅಕ್ಕಾ?" ಎಂಬ ಪ್ರಶ್ನೆ ಕಿವಿಗೆ ಬಿದ್ದಾಗ ನಾವು ನಕ್ಕು ಮುಂದೆ ಹೋಗದಿರೋಣ. ಒಂದು ಗಳಿಗೆ ನಿಂತು, ಬರದಿದ್ದರೆ ಈ ತಿಂಗಳು ಹೇಗೆ ಎಂದು ವಿಚಾರಿಸೋಣ.